ಕೂರಿಸಿದ್ದೂ ನಾನೇ, ಕಿತ್ತಿದ್ದೂ ನಾನೇ

2003ರಲ್ಲಿ ಗಂಗಾವತಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಹಾಕಿದಾಗ, ಹೊಸ ಸಿಸ್ಟಮ್ ಮಾಡಿಸಲು ಬಂದವರು ಪ್ರೊಸೆಸರ್ ಯಾವುದು ಅಂತ ಕೇಳುತ್ತಿರಲಿಲ್ಲ. ‘ಸೀಡಿ ಬರಿಯಾಕ ಬರ್ತೈತಿಲ್ರಿ?’ ಅನ್ನುತ್ತಿದ್ದರು. ಮೊದಲು ಬರೀ ಓದುವ ಡ್ರೈವ್, ಆಮೇಲೆ ಸೀಡಿ ರೈಟರ್, ಸೀಡಿ ಬರೆದು ಡಿವಿಡಿ ಓದುವ ಕಾಂಬೋ, ಕೊನೆಗೆ ಡಿವಿಡಿ ರೈಟರ್. ಇಷ್ಟೂ ಮೆಟ್ಟಿಲನ್ನು ನಮ್ಮೂರು ನಾಲ್ಕೈದು ವರ್ಷದಲ್ಲಿ ಹತ್ತಿ ಮುಗಿಸಿತು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಂಡ ಡ್ರೈವ್‌ಗಳನ್ನು ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದೆ.

ಆಗಿನದು 40 ಪಿನ್ನಿನ ಅಗಲ ಪಟ್ಟಿ ಕೇಬಲ್. ಹಾರ್ಡ್ ಡಿಸ್ಕು, ಸೀಡಿ ಡ್ರೈವು ಎರಡೂ ಒಂದೇ ಕೇಬಲ್ಲಿಗೆ ಬಿದ್ದರೆ, ಹಿಂಬದಿಯ ಜಂಪರ್ ಅನ್ನುವ ಪುಟ್ಟ ಕ್ಲಿಪ್ಪು ಕಿತ್ತು ಬೇರೆ ಪಿನ್ನಿಗೆ ಹಾಕಿ ಒಂದನ್ನು ಮಾಸ್ಟರ್ (ಮೊದಲನೆಯದು), ಇನ್ನೊಂದನ್ನು ಸ್ಲೇವ್ (ಎರಡನೆಯದು) ಮಾಡಬೇಕಿತ್ತು. ಇದು ತಲೆಗೆ ಹೋಗುವ ಮೊದಲು ನಾನು ಒಂದು ಒಳ್ಳೇ ಡ್ರೈವನ್ನು ‘ಸತ್ತದೆ’ ಅಂತ ವಾಪಸ್ ಕಳಿಸಿ, ಫೋನಿನಲ್ಲಿ ಚೆನ್ನಾಗಿ ಬೈಸಿಕೊಂಡಿದ್ದೇನೆ.

ನಿಜವಾದ ದುಡಿಮೆ ಸಿಕ್ಕಿದ್ದು ಧೂಳಿನಿಂದ. ಭತ್ತದ ಊರು ಅಂದ ಮೇಲೆ ಗಿರಣಿ, ಗಿರಣಿ ಅಂದ ಮೇಲೆ ಹೊಟ್ಟು, ತೌಡು. ಗಿರಣಿ ಆಫೀಸಿನ ಕಂಪ್ಯೂಟರ್ ಬಿಚ್ಚಿದರೆ ಒಳಗೆ ಬೂದುಬಣ್ಣದ ಹಿಟ್ಟು. ಸೀಡಿಯಲ್ಲಿ ಒಂದು ಸಾಲಿನಿಂದ ಪಕ್ಕದ ಸಾಲಿಗೆ ಇರುವ ಅಂತರ 1.6 ಮೈಕ್ರಾನ್. ಅದನ್ನು ಹಿಡಿಯುವ ಲೆನ್ಸು ಕೂದಲಿನಂಥ ತಂತಿಗಳ ಮೇಲೆ ತೂಗಾಡುತ್ತಿರುತ್ತದೆ. ಅಲ್ಲಿ ತೌಡಿನ ಧೂಳು ಕೂತರೆ ‘ಯಣ್ಣಾ, ಓದವಲ್ದು’ ಅಂತ ಹೊತ್ತುಕೊಂಡು ಬರುತ್ತಿದ್ದರು. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ, ಒತ್ತದೆ, ಮುಟ್ಟಿದರೂ ಮುಟ್ಟದಂತೆ ಒರೆಸಬೇಕು. ಒತ್ತಿದಿರೋ, ಲೆನ್ಸು ಒಂದು ಕಡೆಗೆ ವಾಲಿ ಡ್ರೈವ್ ಗುಜರಿಗೆ.

ಒರೆಸಿದರೂ ಓದದಿದ್ದರೆ ಕೊನೆಯ ಮದ್ದು ಒಂದಿತ್ತು. ಲೇಸರ್ ಹೆಡ್ಡಿನ ಪಕ್ಕದಲ್ಲಿ ಸಾಸಿವೆಯಷ್ಟು ದೊಡ್ಡ ಸ್ಕ್ರೂ ಇರುತ್ತದೆ, ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಲೇಸರಿಗೆ ಹೋಗುವ ಕರೆಂಟು ಹೆಚ್ಚುತ್ತದೆ. ಓದಲು ಶುರುಮಾಡುತ್ತದೆ, ಆದರೆ ಹೆಚ್ಚು ದಿನ ಬಾಳುವುದಿಲ್ಲ. ಗಿರಾಕಿಗೆ ಇದನ್ನು ಮೊದಲೇ ಹೇಳಿಬಿಡುತ್ತಿದ್ದೆ. ಡಿವಿಡಿ ಓದುತ್ತದೆ, ಸೀಡಿ ಮಾತ್ರ ಓದುವುದಿಲ್ಲ ಅನ್ನುವ ದೂರೂ ಬರುತ್ತಿತ್ತು. ಸೀಡಿಗೆ 780 ನ್ಯಾನೋಮೀಟರ್ ತರಂಗಾಂತರದ ಲೇಸರ್, ಡಿವಿಡಿಗೆ 650ರದು. ಎರಡರಲ್ಲಿ ಒಂದು ಹೋದರೆ ಹೀಗಾಗುತ್ತದೆ. ಅದಕ್ಕೆ ನನ್ನಲ್ಲಿ ಮದ್ದಿರಲಿಲ್ಲ.

ಬರೆಯುವಾಗಿನ ಕಷ್ಟ ಇನ್ನೊಂದು ತರಹದ್ದು. ಹಳೆಯ ರೈಟರಿನಲ್ಲಿ ಸೀಡಿ ಬರೆಯುತ್ತಿರುವಾಗ ಯಾರೂ ಮೌಸ್ ಮುಟ್ಟುವಂತಿರಲಿಲ್ಲ. ಡೇಟಾ ಬರುವುದು ಒಂದು ಕ್ಷಣ ತಡವಾದರೂ ಆ ಸೀಡಿ ಚಹಾ ಲೋಟದ ಕೆಳಗಿಡಲು ಮಾತ್ರ. ನಡುವೆ ಕರೆಂಟು ಹೋದರಂತೂ ಮುಗಿಯಿತು. ಪೆಟ್ಟಿಗೆಯ ಮೇಲೆ ವೇಗ 52 ಎಕ್ಸ್ (52 ಪಟ್ಟು) ಅಂತ ಬರೆದಿದ್ದರೂ ನಾನು 16ಕ್ಕೇ ಬರೆಯುತ್ತಿದ್ದೆ. 52ರಲ್ಲಿ ತಟ್ಟೆ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ. ನಡುವಿನ ತೂತಿನ ಹತ್ತಿರ ಸಣ್ಣ ಬಿರುಕಿದ್ದ ಒಂದು ಸೀಡಿ ಡ್ರೈವಿನೊಳಗೇ ಸಿಡಿದಾಗ ಪಕ್ಕದ ಕಿರಾಣಿ ಅಂಗಡಿಯವರು ಓಡಿಬಂದಿದ್ದರು. ಟ್ರೇ ತೆಗೆದರೆ ಒಳಗೆ ಬಳೆಚೂರಿನ ಹಾಗೆ ಪುಡಿಪುಡಿ.

2008ರಲ್ಲಿ ಆಪಲ್‌ನ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪು ಸೀಡಿ ಡ್ರೈವ್ ಇಲ್ಲದೆಯೇ ಬಂತು ಅಂತ ಓದಿ ನಕ್ಕಿದ್ದೆ. ಸೀಡಿ ಇಲ್ಲದೆ ಸಾಫ್ಟ್‌ವೇರ್ ಹೆಂಗ ಹಾಕ್ತಾರ ಇವರು? ಎರಡೇ ವರ್ಷದಲ್ಲಿ ನಾನೇ ವಿಂಡೋಸ್ 7 ಅನ್ನು ಪೆನ್‌ಡ್ರೈವಿನಿಂದ ಹಾಕುತ್ತಿದ್ದೆ. ಡಿವಿಡಿಗಿಂತ ಬೇಗ ಮುಗಿಯುತ್ತಿತ್ತು, ‘ಫೈಲ್ ಓದಲಾಗಲಿಲ್ಲ’ ಅಂತ ನಡುವೆ ನಿಲ್ಲುತ್ತಲೂ ಇರಲಿಲ್ಲ. ಲ್ಯಾಪ್‌ಟಾಪ್ ಡ್ರೈವಿನ ದಪ್ಪವೇ 12.7 ಮಿಲಿಮೀಟರ್, ಆಮೇಲೆ ತೆಳ್ಳಗಾಗಿದ್ದು 9.5. ಇಡೀ ಲ್ಯಾಪ್‌ಟಾಪೇ ತೆಳ್ಳಗಾಗಬೇಕು ಅಂತ ಜನ ಬಯಸಿದ ಮೇಲೆ ಅದಕ್ಕೆ ಜಾಗ ಎಲ್ಲಿ? 2016ರಲ್ಲಿ ಜಿಯೋ ಬಂದ ಮೇಲೆ ಹಾಡಿನ ಸೀಡಿ ಬರೆಸುವವರೂ ನಿಂತರು.

ಆಗಲೇ ಕ್ಯಾಡಿಯ ಕೆಲಸ ಹಿಡಿದೆ. ಲ್ಯಾಪ್‌ಟಾಪಿನಿಂದ ಡಿವಿಡಿ ಡ್ರೈವ್ ಎಳೆದು, ಆ ಗೂಡಿಗೆ ಅದೇ ಅಳತೆಯ ಚೌಕಟ್ಟಿನಲ್ಲಿ (ಇದೇ ಕ್ಯಾಡಿ) ಹಳೆ ಹಾರ್ಡ್ ಡಿಸ್ಕ್ ಕೂರಿಸುವುದು, ಹಾರ್ಡ್ ಡಿಸ್ಕಿನ ಜಾಗಕ್ಕೆ ತಿರುಗುವ ತಟ್ಟೆಯಿಲ್ಲದ, ವೇಗದ ಎಸ್‌ಎಸ್‌ಡಿ. ಹೆಚ್ಚಿನವಕ್ಕೆ ತಳದಲ್ಲಿ ಒಂದೇ ಸ್ಕ್ರೂ. ಅಳತೆ ನೋಡದೆ 12.7ರ ಐದು ಕ್ಯಾಡಿ ತರಿಸಿ, ಬಂದ ಲ್ಯಾಪ್‌ಟಾಪೆಲ್ಲ 9.5ರವು ಅಂತ ತಿಳಿದಾಗ ತಲೆ ಚಚ್ಚಿಕೊಂಡಿದ್ದೇನೆ. ಹಳೆ ಡ್ರೈವಿನ ಮುಂಭಾಗದ ಪ್ಲಾಸ್ಟಿಕ್ ಮುಚ್ಚಳವನ್ನು ಬಿಡಿಸಿ ಕ್ಯಾಡಿಗೆ ಹಾಕಿದರೆ ಹೊರಗಿನಿಂದ ಏನೂ ಬದಲಾದಂತೆ ಕಾಣುವುದಿಲ್ಲ. ಕಿತ್ತ ಡ್ರೈವ್‌ಗಳನ್ನು ಚೀಲ ತುಂಬಿ, ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕಿದೆ. ದೊಡ್ಡ ಕಂಪ್ಯೂಟರಿನ ಡ್ರೈವ್‌ಗಳೂ ಅದೇ ಚೀಲಕ್ಕೆ ಹೋದವು.

ಹೋದ ವರ್ಷ ನಮ್ಮ ಓಣಿಯ ಫೋಟೊ ಸ್ಟುಡಿಯೋದ ಕಾಕಾ ಎರಡು ರಟ್ಟಿನ ಡಬ್ಬಿ ತಂದು ಇಳಿಸಿದರು. ಹದಿನೈದು ವರ್ಷದ ಮದುವೆ, ಸೀಮಂತ, ಗೃಹಪ್ರವೇಶದ ಸೀಡಿಗಳು. ‘ಎಲ್ಲಾ ಒಂದು ಹಾರ್ಡ್ ಡಿಸ್ಕಿಗೆ ಹಾಕಿಕೊಡಪಾ, ಮಂದಿ ಈಗ ಕೇಳಾಕತ್ಯಾರ.’ ಅಂಗಡಿಯಲ್ಲಿ ಹುಡುಕಿದರೆ ಒಂದು ಡ್ರೈವೂ ಇಲ್ಲ! ಗುಜರಿಯವನ ಹತ್ತಿರ ಹೋಗಿ, ನಾನೇ ಮಾರಿದ್ದಿರಬಹುದಾದ ಒಂಬತ್ತು ಡ್ರೈವ್ ಆರಿಸಿ ತಂದೆ. ಕೆಜಿ ಲೆಕ್ಕ ಈಗ ಇಲ್ಲವಂತೆ, ಒಂದಕ್ಕೆ ನೂರು ರೂಪಾಯಿ.

ಒಂಬತ್ತರಲ್ಲಿ ಓದಿದ್ದು ಎರಡು. ಒಂದರ ಟ್ರೇ ಹೊರಗೆ ಬರುತ್ತಿರಲಿಲ್ಲ, ಬೆಲ್ಟ್ ಸಡಿಲಾಗಿತ್ತು. ಬಿಸಿನೀರಿನಲ್ಲಿ ಎರಡು ನಿಮಿಷ ಹಾಕಿ ಒರೆಸಿ ಹಾಕಿದೆ, ಈಗ ಬರುತ್ತದೆ. ಕೈಕೊಟ್ಟ ದಿನ ಜೆಮ್ ಕ್ಲಿಪ್ ನೆಟ್ಟಗೆ ಮಾಡಿ ಮುಂದಿನ ಸಣ್ಣ ತೂತಿಗೆ ಚುಚ್ಚುತ್ತೇನೆ. ಸೀಡಿಯ ತಳಭಾಗದ ಗೀರಿಗೆ ನಾನು ಅಂಜುವುದಿಲ್ಲ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ನಿಧಾನಕ್ಕೆ ಓದಿಸಿದರೆ ಬಹಳಷ್ಟು ಬರುತ್ತವೆ. ಹೆಸರು ಬರೆದ ಮೇಲ್ಭಾಗ ಕೆತ್ತಿದ್ದರೆ ಮಾತ್ರ ಕೈಬಿಡಬೇಕು, ಬೆಳ್ಳಿಬಣ್ಣದ ಪದರ ಇರುವುದು ಅಲ್ಲೇ, ಮೆರುಗಿನ ಕೆಳಗೆ. ಕಾಕಾ ಅದರ ಮೇಲೆಯೇ ಚೀಟಿ ಅಂಟಿಸಿ, ಕಿತ್ತು, ಮತ್ತೆ ಅಂಟಿಸಿದ್ದಾರೆ.

ಒಂದು ಡಬ್ಬಿ ಮುಗಿದಿದೆ. ಎರಡನೆಯದರ ಮೇಲಿನ ಸಾಲಿನಲ್ಲಿ ನನ್ನ ಅಕ್ಷರದ ಸೀಡಿಗಳೂ ಕಂಡವು, 2005ರಲ್ಲಿ ಅವರಿಗೆ ನಾನೇ ಬರೆದುಕೊಟ್ಟವು. ಅವನ್ನು ಇನ್ನೂ ಹಾಕಿ ನೋಡಿಲ್ಲ.