ಹುಣಸೆಹಣ್ಣು ಹಚ್ಚಬಾರದ ಬೆಳ್ಳಿ

ಕಳೆದ ಬೇಸಿಗೆಯಲ್ಲಿ ಅಮ್ಮ ಅಮೆರಿಕದಲ್ಲಿ ನಾನಿರುವ ಆಲ್ಬುಕರ್ಕಿಗೆ ಬಂದಿದ್ದರು. ನಾನು ಕೆಲಸಕ್ಕೆ ಹೋದಾಗ ಕಪಾಟಿನಲ್ಲಿದ್ದ ಬೆಳ್ಳಿ ಬಳೆಯೊಂದನ್ನು ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಪಳಪಳ ಮಾಡಿ ಇಟ್ಟಿದ್ದರು. "ಎಷ್ಟು ಕಪ್ಪಾಗಿತ್ತೇ! ದೇವರ ಸಾಮಾನಿನ ಜೊತೆ ತೊಳೆದುಬಿಟ್ಟೆ" ಎಂದರು. ನನಗೆ ಅಳುವೇ ಬಂತು. ನಾನು ದುಡ್ಡು ಕೊಟ್ಟಿದ್ದೇ ಆ ಕಪ್ಪಿಗೆ.

ಅದು ಇಲ್ಲಿನ ಮೂಲನಿವಾಸಿಗಳಾದ ನವಾಹೋ ಬುಡಕಟ್ಟಿನವರ ಹಳೆಯ ಬಳೆ. ಅಚ್ಚು ಒತ್ತಿದ ಗೆರೆಗಳಲ್ಲಿ ವರ್ಷಗಟ್ಟಲೆ ಕೂತ ಕಪ್ಪಿನಿಂದಲೇ ಅದರ ಚಿತ್ತಾರ ಎದ್ದು ಕಾಣುವುದು. ಪುಣ್ಯಕ್ಕೆ ಅದರಲ್ಲಿ ಕಲ್ಲಿರಲಿಲ್ಲ. ಟರ್ಕಾಯ್ಸ್ ಇದ್ದಿದ್ದರೆ ಕಥೆ ಮುಗೀತಿತ್ತು. ಫಿರೋಜಾ ಅಂತಾರಲ್ವಾ, ಅದೇ ಕಲ್ಲು. ಅದು ಹುಳಿ, ಸೋಪು, ಎಣ್ಣೆ ಎಲ್ಲವನ್ನೂ ಹೀರಿಕೊಂಡು ಬಣ್ಣಗೆಡುತ್ತದೆ.

ಅಮ್ಮನನ್ನು ಬೈಯುವ ಯೋಗ್ಯತೆ ನನಗಿಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ನಾನೂ ಪೆದ್ದಿಯೇ. ಸಂತೆಯೊಂದರಲ್ಲಿ ಬೇರೊಂದು ಬಳೆ ನೋಡಿದೆ. ಬಾಣ, ಹಕ್ಕಿ, ನಡುವೆ ಸ್ವಸ್ತಿಕ! ಊರು ನೆನಪಾಗಿ ತಕ್ಷಣ ಕೊಂಡೆ. ಆಮೇಲೆ ಓದಿ ತಿಳಿಯಿತು: ನವಾಹೋಗಳಿಗೆ ಅದು ಸುತ್ತುವ ಮರದ ದಿಮ್ಮಿಗಳ ಗುರುತು, ಕಾಯಿಲೆ ವಾಸಿಮಾಡುವ ಪೂಜೆಯ ಮರಳು ಚಿತ್ರಗಳಲ್ಲಿ ಬರುವಂಥದ್ದು. ಹಿಟ್ಲರನ ಕಾರಣಕ್ಕೆ 1940ರಲ್ಲಿ ನವಾಹೋ, ಹೋಪಿ ಸೇರಿ ನಾಲ್ಕು ಬುಡಕಟ್ಟುಗಳವರು ಇನ್ನು ಈ ಗುರುತು ಬಳಸುವುದಿಲ್ಲ ಎಂದು ಸಹಿ ಹಾಕಿದರು. ಹಾಗಾದರೆ ನನ್ನ ಬಳೆ ಅದಕ್ಕಿಂತ ಹಳೆಯದು, ಅಂದಮೇಲೆ ಕೈಕೆಲಸದ್ದು ಎಂದು ಬೀಗಿದೆ.

ಹಳೆಯದು ಸರಿ, ಕೈಕೆಲಸ ಅಲ್ಲ. ಇದು ಗೊತ್ತಾಗಿದ್ದು ಒಂದು ಚಳಿಗಾಲ ಬೆಳ್ಳಿ ಕೆಲಸದ ಸಂಜೆ ತರಗತಿಗೆ ಸೇರಿದಾಗ. ಕಲಿಸುತ್ತಿದ್ದವರು ಅರವತ್ತು ದಾಟಿದ ನವಾಹೋ ಅಕ್ಕಸಾಲಿ. ಅವರು ಬಳೆಯ ಮುಂಭಾಗ ನೋಡಲೇ ಇಲ್ಲ. ತಿರುಗಿಸಿ ಒಳಮೈ ಮೇಲೆ ಹೆಬ್ಬೆರಳು ಆಡಿಸಿ, "ಯಂತ್ರ" ಅಂದರು. ರೈಲಿನಲ್ಲಿ ಬರುವ ಪ್ರವಾಸಿಗರಿಗಾಗಿ ಫ್ರೆಡ್ ಹಾರ್ವಿ ಕಂಪನಿ 1899ರಿಂದ ಹಗುರವಾದ ಒಡವೆಗಳನ್ನು ಮಾಡಿಸತೊಡಗಿತ್ತು. ಅವು ಚೆನ್ನಾಗಿ ಮಾರಾಟವಾಗಿದ್ದು ನೋಡಿ ಡೆನ್ವರ್ ನಗರದ ಕಾರ್ಖಾನೆಗಳು ಅಂಥದ್ದೇ ಬಳೆಗಳನ್ನು ಯಂತ್ರದಲ್ಲಿ ಒತ್ತಿ ಗುಡ್ಡೆ ಹಾಕಿದವು. ನನ್ನದು ಆ ಜಾತಿ. ಎಲ್ಲ ಬಾಣಗಳ ಆಳವೂ ಒಂದೇ.

ಕೈಯಲ್ಲಿ ಹೊಡೆದರೆ ಯಾಕೆ ಹಾಗಾಗುವುದಿಲ್ಲ ಅನ್ನೋದು ನಾನೇ ಸುತ್ತಿಗೆ ಹಿಡಿದಾಗ ತಿಳಿಯಿತು. ಮೊದಲು ಅಚ್ಚು ಮಾಡಿಕೊಳ್ಳಬೇಕು. ಸವೆದ ಅರವೊಂದನ್ನು ಕೆಂಪಗೆ ಕಾಯಿಸಿ, ನಿಧಾನ ಆರಲು ಬಿಟ್ಟರೆ ಉಕ್ಕು ಮೆತ್ತಗಾಗುತ್ತದೆ. ತುದಿಯಲ್ಲಿ ಚಿತ್ತಾರ ಕೊರೆದು ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಟ್ಟಿ. ನಾನು ಇಷ್ಟಕ್ಕೇ ಕೆಲಸ ಮುಗಿಯಿತೆಂದು ಸುತ್ತಿಗೆ ಎತ್ತಿದೆ. ಮೊದಲ ಏಟಿಗೇ ತುದಿ ಗಾಜಿನಂತೆ ಸಿಡಿಯಿತು. ಅದ್ದಿದ ಮೇಲೆ ಇನ್ನೊಮ್ಮೆ, ಒಣಹುಲ್ಲಿನ ಬಣ್ಣ ಬರುವಷ್ಟು ಮಾತ್ರ, ಕಾಯಿಸಿ ಗಡಸು ಇಳಿಸಬೇಕಿತ್ತು. ಎರಡನೆಯ ಅಚ್ಚಿನಲ್ಲಿ ಮಾವಿನೆಲೆ ಕೊರೆದೆ. ಅವರ ಚಿತ್ತಾರ ಕದಿಯಲು ಮನಸ್ಸಾಗಲಿಲ್ಲ. ನಾನು ಮಾಡಿದ್ದನ್ನು ನವಾಹೋ ಎಂದು ಮಾರಿದರೆ ಇಲ್ಲಿಯ 1990ರ ಕಾಯ್ದೆ ಪ್ರಕಾರ ಅಪರಾಧ ಕೂಡ.

ಆರು ಇಂಚಿನ ಬೆಳ್ಳಿ ಪಟ್ಟಿ ಕೊಟ್ಟರು, ನೂರಕ್ಕೆ ತೊಂಬತ್ತೆರಡೂವರೆ ಬೆಳ್ಳಿ, ಮಿಕ್ಕಿದ್ದು ತಾಮ್ರ. ಪಟ್ಟಿ ಚಪ್ಪಟೆಯಾಗಿರುವಾಗಲೇ ಅಚ್ಚು ಒತ್ತಬೇಕು, ಆಮೇಲೆ ಬಗ್ಗಿಸಬೇಕು. ಒಂದು ಎಲೆಗೆ ಒಂದೇ ಏಟು. ಸಾಲದು ಅನ್ನಿಸಿ ಇನ್ನೊಂದು ಕೊಟ್ಟೆವೋ, ಅಚ್ಚು ಕೂದಲೆಳೆ ಜರುಗಿ ಎಲೆಗೆ ನೆರಳು ಬೀಳುತ್ತದೆ. ನನ್ನ ಪಟ್ಟಿಯಲ್ಲಿ ಹದಿನೆಂಟು ಎಲೆ, ಐದಕ್ಕೆ ನೆರಳು. ತಿರುಗಿಸಿ ನೋಡಿದರೆ ಪ್ರತಿ ಏಟಿನ ಹಿಂದೆಯೂ ಸಣ್ಣ ಉಬ್ಬು, ಒಂದು ಜಾಸ್ತಿ, ಒಂದು ಕಡಿಮೆ. ಗುರುಗಳ ಹೆಬ್ಬೆರಳು ಹುಡುಕಿದ್ದು ಇದನ್ನೇ.

ಬೆಸುಗೆಯ ದಿನ ಮೇಜಿನ ಮೇಲೆ ಬಿಳಿಗಾರದ ಡಬ್ಬಿ ಕಂಡು ನಗು ಬಂತು. ಚಿಕ್ಕವಳಿದ್ದಾಗ ಶಿರಸಿಯ ಅಕ್ಕಸಾಲಿ ಅಂಗಡಿಯಲ್ಲಿ ಊದುಕೊಳವೆ ಊದುವುದನ್ನು ನೋಡುತ್ತಾ ಕೂತಿರುತ್ತಿದ್ದೆ. 1880ರ ಸುಮಾರಿಗೆ ವಾಷಿಂಗ್ಟನ್ ಮ್ಯಾಥ್ಯೂಸ್ ಎಂಬ ಸೇನಾ ವೈದ್ಯರು ನವಾಹೋ ಅಕ್ಕಸಾಲಿಗಳನ್ನು ಕಂಡು ಬರೆದದ್ದೂ ಹೆಚ್ಚುಕಡಿಮೆ ಅದೇ ಅಂಗಡಿ: ಚರ್ಮದ ತಿದಿ, ಮೂಸೆ, ಬಿಳಿಗಾರ, ಊದುಕೊಳವೆ. ದೀಪಕ್ಕೆ ಮಾತ್ರ ಕುರಿಯ ಕೊಬ್ಬಲ್ಲಿ ಅದ್ದಿದ ಬಟ್ಟೆ. ಬೆಳ್ಳಿಗೆ ಅವರ ಮಾತಿನಲ್ಲಿ ಇರುವ ಹೆಸರಿನ ಅರ್ಥ 'ಬಿಳಿಯ ಲೋಹ'. ನಮ್ಮ 'ಬೆಳ್ಳಿ'ಯೂ ಬೆಳ್ಳಗಿರುವುದೇ ತಾನೆ.

ಈ ಕೆಲಸ ಅವರಲ್ಲಿ ತೀರಾ ಹಳೆಯದೇನಲ್ಲ. ಮೊದಲಿಗನೆಂದು ಹೇಳುವ ಅತ್ಸಿದಿ ಸಾನಿ ಕಬ್ಬಿಣದ ಕೆಲಸವನ್ನು ಮೆಕ್ಸಿಕೋದ ಕಮ್ಮಾರನಿಂದ ಕಲಿತಿದ್ದ. 1864ರಲ್ಲಿ ಅಮೆರಿಕದ ಸೇನೆ ಸಾವಿರಾರು ನವಾಹೋ ಜನರನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ಕೂಡಿಹಾಕಿತು. 1868ರಲ್ಲಿ ಊರಿಗೆ ಮರಳಿದ ಮೇಲೆ ಬೆಳ್ಳಿ ಕೆಲಸ ಹಬ್ಬಿತು. ಬೆಳ್ಳಿ ಸಿಗುತ್ತಿದ್ದದ್ದು ನಾಣ್ಯದಲ್ಲಿ. ಡಾಲರು, ಮೆಕ್ಸಿಕೋದ ಪೆಸೊ ಕರಗಿಸಿ, ಗಟ್ಟಿ ಎರೆದು, ಬಡಿದು ತಗಡು ಮಾಡುತ್ತಿದ್ದರು.

ಅಮ್ಮ ತೊಳೆದ ಬಳೆ ಅಂಥ ಗಟ್ಟಿ ಬಡಿದು ಮಾಡಿದ್ದು. ಇದೇ ರಾಜ್ಯದ ಗ್ಯಾಲಪ್ ಊರಿನ ಗಿರವಿ ಅಂಗಡಿಯೊಂದರಲ್ಲಿ ಸಿಕ್ಕಿತು. ನಮ್ಮ ಊರಿನ ಹಾಗೇ ಇಲ್ಲಿಯೂ ಒಡವೆ ಅಡವಿಟ್ಟು ದಿನಸಿ ತರುತ್ತಿದ್ದರು. ಬಿಡಿಸಿಕೊಳ್ಳದೆ ಉಳಿದದ್ದಕ್ಕೆ 'ಸತ್ತ ಅಡವು' ಎನ್ನುತ್ತಾರೆ. ಈಗ ಆ ಮಾತು ಹೇಳಿದರೆ ಬೆಲೆ ಏರುತ್ತದೆ, ಹಾಗಾಗಿ ಅಂಗಡಿಯವರು ಧಾರಾಳವಾಗಿ ಹೇಳುತ್ತಾರೆ. ನಾನು ಕಿವಿಗೊಡದೆ ಒಳಮೈ ನೋಡಿದೆ. ಬಡಿದಾಗ ಮಡಿಚಿಕೊಂಡ ಸಣ್ಣ ಬಿರುಕು, ಸುತ್ತಿಗೆಯ ತಗ್ಗು, ಒಂದು ಅಂಚು ಇನ್ನೊಂದಕ್ಕಿಂತ ದಪ್ಪ. ಹೆಸರಿನ ಮುದ್ರೆ ಇರಲಿಲ್ಲ. ಅಷ್ಟು ಹಳೆಯದರಲ್ಲಿ ಅದು ಇರುವುದು ಅಪರೂಪ.

ತೊಳೆದ ಮೇಲೆ ಅದನ್ನು ಗುರುಗಳ ಹತ್ತಿರ ಒಯ್ದೆ. ಗಂಧಕದ ನೀರಿನಲ್ಲಿ ಅದ್ದಿ ಮತ್ತೆ ಕಪ್ಪು ಮಾಡಿಕೊಡಿ ಎಂದೆ. ನನ್ನ ಮಾವಿನೆಲೆ ಬಳೆಯನ್ನು ಹಾಗೇ ಕಪ್ಪು ಮಾಡಿದ್ದೆವು. ಅವರು ಒಪ್ಪಲಿಲ್ಲ. "ಸುಮ್ನೆ ಹಾಕ್ಕೊಂಡು ಓಡಾಡಮ್ಮ" ಎಂಬರ್ಥದಲ್ಲಿ ಏನೋ ಹೇಳಿ ನನ್ನ ಕೈಗೇ ತೊಡಿಸಿದರು.

ಈಗ ಹನ್ನೊಂದು ತಿಂಗಳು. ಅಂಚಿನ ಗೆರೆಗಳಲ್ಲಿ ತೆಳ್ಳಗೆ ಕಂದು ಬಣ್ಣ ಶುರುವಾಗಿದೆ. ನಡುವಿನ ಚಿತ್ತಾರ ಇನ್ನೂ ಬೆಳ್ಳಗೇ ಇದೆ.