ಆಲೆಮನೆ ಬಗ್ಗೆ ಬರೆದರೆ ಬೆಲ್ಲದ ವಾಸನೆ ಬರಬೇಕು: ಆನ್‌ಲೈನ್‌ನಲ್ಲಿ ಓದಿಸಿಕೊಂಡು ಹೋಗುವಂತೆ ಬರೆಯುವುದು ಹೇಗೆ?

ಎರಡು ವರ್ಷದ ಹಿಂದೆ ಆಲೆಮನೆ ಬಗ್ಗೆ ಒಂದು ಬರಹ ಬರೆದು ಆನ್‌ಲೈನ್‌ನಲ್ಲಿ ಹಾಕಿದ್ದೆ. ಶುರು ಮಾಡಿದ್ದು ಹೀಗೆ: ‘ಭಾರತ ಕೃಷಿ ಪ್ರಧಾನ ದೇಶ. ಮಂಡ್ಯ ಜಿಲ್ಲೆ ಸಕ್ಕರೆ ನಾಡು ಎಂದೇ ಹೆಸರುವಾಸಿ.’ ಪಾಂಡವಪುರದ ಕಡೆ ಆಲೆಮನೆ ನಡೆಸುವ ಚಿಕ್ಕಪ್ಪನಿಗೆ ಲಿಂಕ್ ಕಳಿಸಿದೆ. ಸಂಜೆ ಫೋನ್ ಮಾಡಿ, ‘ಓದ್ತಾ ಇದ್ದೆ ಕಣಪ್ಪಾ, ಆಲೆಮನೆ ಎಲ್ಲಿ ಬರುತ್ತೆ ಇದ್ರಲ್ಲಿ?’ ಅಂದರು. ಬರೋದು ಐದನೇ ಪ್ಯಾರಾದಲ್ಲಿ. ಅಲ್ಲಿವರೆಗೆ ಅವರೇ ಹೋಗಿರಲಿಲ್ಲ. ಇನ್ನು ಬೇರೆಯವರು ಯಾಕೆ ಹೋಗ್ತಾರೆ? ಆವತ್ತಿಂದ ನಾನು ಬರೆಯುವ ರೀತಿ ಬದಲಾಯಿತು.

ಬರೆಯಲು ಕೂರುವ ಮೊದಲು ಒಬ್ಬ ಓದುಗನನ್ನು ಹಿಡಿಯಿರಿ. ‘ಎಲ್ಲರಿಗೂ’ ಅಂತ ಬರೆಯಲು ಹೋದರೆ ಅದು ಯಾರಿಗೂ ತಾಗುವುದಿಲ್ಲ. ನಿಮಗೆ ಗೊತ್ತಿರುವ ಒಬ್ಬರು, ಅವರ ಬಾಯಲ್ಲಿ ಬರುವ ಒಂದು ಪ್ರಶ್ನೆ, ಇಷ್ಟು ಸಾಕು. ಜುಲೈ ತಿಂಗಳಲ್ಲಿ ಮಂಡ್ಯದ ಯಾವ ಟೀ ಅಂಗಡಿಗೆ ಹೋದರೂ ಕೇಳುವ ಮಾತು ಒಂದೇ, ‘ಕಟ್ಟೆ ಎಷ್ಟು ಅಡಿ ಆಯ್ತು?’ ಮೊಬೈಲ್‌ನಲ್ಲೂ ಜನ ಹುಡುಕುವುದು ಇದನ್ನೇ. ಹಾಗಿದ್ದಮೇಲೆ ‘ಕೃಷ್ಣರಾಜಸಾಗರ ಜಲಾಶಯದ ಪ್ರಸ್ತುತ ಸ್ಥಿತಿಗತಿ’ ಅಂತ ಯಾಕೆ ತಲೆಬರಹ ಕೊಡಬೇಕು? ‘ಕನ್ನಂಬಾಡಿ ಕಟ್ಟೆ ಇವತ್ತು ಎಷ್ಟು ಅಡಿ?’ ಅನ್ನಿ. ಮೊದಲ ಸಾಲಲ್ಲೇ ಇವತ್ತಿನ ಮಟ್ಟ ಕೊಡಿ, ಪೂರ್ತಿ ತುಂಬಿದರೆ 124.80 ಅಡಿ, ಅದಕ್ಕೆ ಇನ್ನೆಷ್ಟು ಬಾಕಿ ಅಂತ ಹೇಳಿ. ಎರಡನೇ ಸಾಲಲ್ಲಿ ಆ ಪ್ರಶ್ನೆಯ ಹಿಂದಿರುವ ಪ್ರಶ್ನೆಗೆ ಬನ್ನಿ. ರೈತ ಅಡಿ ಕೇಳುವುದು ಸುಮ್ನೆ ಅಲ್ಲ. ನಾಲೆಗೆ ನೀರು ಬಿಡ್ತಾರಾ, ಭತ್ತಕ್ಕೆ ಒಟ್ಲು (ಸಸಿಮಡಿ) ಹಾಕಬಹುದಾ ಅನ್ನೋದು ಅವನ ಚಿಂತೆ. ಕಟ್ಟೆ ಕೆಲಸ 1911ರಲ್ಲಿ ಶುರುವಾಗಿ 1931ರಲ್ಲಿ ಮುಗಿದ ಕಥೆ ಚೆಂದವೇ, ಆದರೆ ಅದರ ಜಾಗ ಕೆಳಗೆ.

ಆಮೇಲೆ, ಹೋಗಿ ನೋಡಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ, ಜಾಸ್ತಿ ಜನ ಬಿಟ್ಟುಬಿಡುವುದೂ ಇದನ್ನೇ. ಹತ್ತು ಕಡೆ ಇರುವುದನ್ನು ಸೇರಿಸಿ ಹನ್ನೊಂದನೆಯದು ಬರೆದರೆ ಓದುಗನಿಗೆ ಹೊಸದೇನೂ ಸಿಗಲ್ಲ, ಅಲ್ವಾ? ನನ್ನ ಹಳೆ ಬರಹದಲ್ಲಿ ‘ಸಾಂಪ್ರದಾಯಿಕ ವಿಧಾನದಲ್ಲಿ ಗುಣಮಟ್ಟದ ಬೆಲ್ಲ ತಯಾರಿಸಲಾಗುತ್ತದೆ’ ಅಂತ ಒಂದು ಸಾಲಿತ್ತು. ಅದನ್ನು ಆಲೆಮನೆಗೆ ಹೋಗದೆಯೂ ಬರೆಯಬಹುದು. ಎರಡನೇ ಸಲ ನೋಟ್‌ಬುಕ್ ಹಿಡಿದು ಬೆಳಗ್ಗೆ ಆರಕ್ಕೇ ಹೋಗಿ ಕೂತೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು, ಅಂದರೆ ರಸ, ಕುದ್ದು ಕುದ್ದು ಬಣ್ಣ ತಿರುಗುತ್ತದೆ, ಕೆಳಗೆ ಒಲೆಗೆ ಒಬ್ಬರು ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಲೇ ಇರುತ್ತಾರೆ, ಪಾಕ ನೋಡುವವರು ಒಂದು ತೊಟ್ಟು ತೆಗೆದು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಉಂಡೆ ಗಟ್ಟಿಯಾಗಿ ನಿಂತರೆ ‘ಇಳಿಸ್ರೋ’ ಅಂತ ಕೂಗುತ್ತಾರೆ. ಒಂದು ನಿಮಿಷ ತಡವಾದರೂ ಪಾಕ ಕೆಡುತ್ತದೆ. ಇದನ್ನು ಬರೆದಾಗ ಓದಿದವರು ಮೈಸೂರಿಂದಲೂ ಕರೆ ಮಾಡಿ, ಆ ಆಲೆಮನೆ ಎಲ್ಲಿದೆ, ನಾವು ಬರಬಹುದಾ ಅಂತ ಕೇಳಿದರು.

ಲೆಕ್ಕವೂ ಕೊಡಿ. ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ 100 ಕೆ.ಜಿ. ಬೆಲ್ಲ ಬರುತ್ತದೆ, ತಳಿ ಮತ್ತು ಬಲಿತ ಹದದ ಮೇಲೆ ಸ್ವಲ್ಪ ಆಚೀಚೆ. ಇಂಥ ಒಂದು ಅಂಕಿ ನಾಲ್ಕು ಹೊಗಳಿಕೆಯ ಸಾಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮಾತು ಅಲ್ಲಿಯದೇ ಇರಲಿ. ಕೊಪ್ಪರಿಗೆಯನ್ನು ಕೊಪ್ಪರಿಗೆ ಅಂತಲೇ ಕರೆಯಿರಿ. ಗೊತ್ತಿಲ್ಲದವರಿಗೆ ಅದೇ ಸಾಲಲ್ಲಿ ‘ರಸ ಕುದಿಸುವ ದೊಡ್ಡ ಬಾಣಲೆ’ ಅಂತ ಒಂದು ಮಾತು ಸೇರಿಸಿದರೆ ಸಾಕು.

ತಲೆಬರಹದ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ಬೇಜಾರಾಗುವುದು ಒಂದಿದೆ. ‘ಬೆಲ್ಲ ತಿನ್ನುವವರು ತಪ್ಪದೇ ಓದಿ, ಬೆಚ್ಚಿ ಬೀಳ್ತೀರಿ!’ ಓದುಗ ಒಂದು ಸಲ ಒತ್ತುತ್ತಾನೆ, ಒಳಗೆ ಏನೂ ಇರಲ್ಲ, ಮುಂದೆ ನಿಮ್ಮ ಹೆಸರು ಕಂಡರೂ ದಾಟಿಕೊಂಡು ಹೋಗುತ್ತಾನೆ. ಅದೇ ವಿಷಯಕ್ಕೆ ‘ಬೆಲ್ಲಕ್ಕೆ ಆ ಹೊಳಪು ಹಳದಿ ಹೇಗೆ ಬರುತ್ತೆ?’ ಅಂತ ಕೇಳಬಹುದು. ಕೆಲವು ಕಡೆ ಬಣ್ಣ ತಿಳಿಯಾಗಲು ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುತ್ತಾರೆ, ಹಾಕದ ಬೆಲ್ಲ ಸಾಮಾನ್ಯವಾಗಿ ಕಂದು ಬಣ್ಣಕ್ಕಿರುತ್ತದೆ. ಇದನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ಉತ್ತರ ಸಿಕ್ಕ ಮೇಲೂ ಜನ ಓದುತ್ತಾರೆ. ಅಂಗಡಿಯಲ್ಲಿ ನೋಡಿ ತಗೊಳ್ಳುವುದು ಹೇಗೆ ಅನ್ನುವ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದಲ್ಲ.

ಇನ್ನು ಸಣ್ಣಪುಟ್ಟ ಕೆಲಸಗಳು. ಓದುವುದು ಮೊಬೈಲ್‌ನಲ್ಲಿ, ಬಸ್ಸಿನಲ್ಲಿ ನಿಂತುಕೊಂಡು, ಅದಕ್ಕೇ ಪ್ಯಾರಾ ಚಿಕ್ಕದಿರಲಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಹಾಕಬೇಡಿ, ಯೂನಿಕೋಡ್‌ಗೆ ಬದಲಿಸಿ ಹಾಕಿ. ಇಲ್ಲದಿದ್ದರೆ ಬೇರೆಯವರ ಫೋನ್‌ನಲ್ಲಿ ಅಕ್ಷರವೆಲ್ಲ ಕಲಸಿಹೋಗುತ್ತದೆ, ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೂ ಸಿಗುವುದಿಲ್ಲ. ಬರಹವನ್ನೆಲ್ಲ ಪೋಸ್ಟರ್ ಮಾಡಿ ಚಿತ್ರದೊಳಗೆ ತುಂಬುವುದೂ ಬೇಡ. ಕಣ್ಣು ಕಾಣದವರು ಫೋನ್‌ನಿಂದ ಓದಿಸಿಕೊಂಡು ಕೇಳುತ್ತಾರೆ, ಚಿತ್ರದಲ್ಲಿದ್ದರೆ ಅವರಿಗೆ ಕಷ್ಟ. ಫೋಟೊ ನೀವೇ ತೆಗೆದದ್ದಿರಲಿ, ಮಸುಕಾಗಿದ್ದರೂ ಪರವಾಗಿಲ್ಲ.

ಹಾಕುವ ಮೊದಲು ಒಮ್ಮೆ ಜೋರಾಗಿ ಓದಿ. ಉಸಿರು ಸಿಕ್ಕಿಕೊಂಡ ಕಡೆ ಸಾಲು ಮುರಿಯಿರಿ. ಹಾಕಿದ ಮೇಲೆ ಕೆಲಸ ಮುಗಿಯಿತು ಅಂತ ಎದ್ದುಹೋಗಬೇಡಿ, ಕೇಳಿದವರಿಗೆ ಉತ್ತರ ಕೊಡಿ, ತಪ್ಪು ತೋರಿಸಿದರೆ ತಿದ್ದಿ, ಯಾವತ್ತು ತಿದ್ದಿದಿರಿ ಅಂತ ಕೆಳಗೆ ದಿನಾಂಕ ಹಾಕಿ.

ಹೊಸದಾಗಿ ಬರೆದ ಆಲೆಮನೆ ಬರಹವನ್ನೂ ಚಿಕ್ಕಪ್ಪನಿಗೆ ಕಳಿಸಿದ್ದೆ. ಈ ಸಲ ಹತ್ತೇ ನಿಮಿಷಕ್ಕೆ ಫೋನ್ ಬಂತು. ‘ಎಲ್ಲಾ ಸರಿಯಾಗದೆ. ಆದ್ರೆ ಕಬ್ಬಿನ ಹಾಲಿನ ಕೊಳೆ ತೆಗೆಯೋಕೆ ಬೆಂಡೆಕಾಯಿ ಹಾಕ್ತಾರೆ ಅಂತ ಬರ್ದಿದ್ದೀಯ. ಕಾಯಿ ಅಲ್ಲ ಕಣೋ, ಬೆಂಡೆ ಗಿಡ ಜಜ್ಜಿ ನೀರಲ್ಲಿ ನೆನೆಸಿ ಬರೋ ಲೋಳೆ.’ ಅಂದರೆ ಕೊನೇ ಪ್ಯಾರಾವರೆಗೂ ಓದಿದ್ದರು. ಆವತ್ತೇ ರಾತ್ರಿ ತಿದ್ದಿದೆ.