ಮೊದಲು ಗರಿಗರಿ, ಆಮೇಲೆ ಜೇನು: ಏರ್ ಫ್ರೈಯರ್‌ನಲ್ಲಿ ನಾನು ಚಿಕನ್ ವಿಂಗ್ಸ್ ಮಾಡುವ ರೀತಿ

ಮೊದಲ ಸಲ ಮಾಡಿದಾಗ ಜೇನುತುಪ್ಪ, ಸೋಯಾ ಸಾಸ್, ಬೆಳ್ಳುಳ್ಳಿ ಎಲ್ಲ ಕಲಸಿ, ಅದರಲ್ಲೇ ಕೋಳಿ ರೆಕ್ಕೆಗಳನ್ನು ರಾತ್ರಿಯಿಡೀ ನೆನೆಹಾಕಿದ್ದೆ. ಎಷ್ಟು ನೆನೆದರೆ ಅಷ್ಟು ರುಚಿ ಒಳಗಿಳಿಯುತ್ತದೆ ಅಂತ ನನ್ನ ಲೆಕ್ಕ. ಮರುದಿನ ತೆಗೆದು ನೇರ ಏರ್ ಫ್ರೈಯರ್‌ಗೆ ಹಾಕಿ 200 ಡಿಗ್ರಿ ಇಟ್ಟೆ. ಎಂಟೇ ನಿಮಿಷಕ್ಕೆ ಸೀದ ವಾಸನೆ ಬಂತು. ಬುಟ್ಟಿ ಎಳೆದು ನೋಡಿದರೆ ಮೇಲ್ಭಾಗವೆಲ್ಲ ಕಪ್ಪು. ತಿರುಗಿಸಿದರೆ ಕೆಳಗಿನ ಚರ್ಮ ಬೆಳ್ಳಗೆ, ಮೆತ್ತಗೆ, ಒದ್ದೆಯಾಗಿ ಕೂತಿದೆ. ಒಂದನ್ನು ಮುರಿದೆ. ಮೂಳೆಯ ಪಕ್ಕದ ಮಾಂಸ ಇನ್ನೂ ಹಸಿ.

ಬಿಸಿ ಇಳಿಸಿ ಹೇಗೋ ಬೇಯಿಸಿ ಬಡಿಸಿದೆ. ತಂಗಿ ಒಂದು ತಿಂದು ಹೇಳಿದಳು, "ಅಕ್ಕಾ, ರುಚಿಯೇನೋ ಚೆನ್ನಾಗಿದೆ. ಆದ್ರೆ ಚರ್ಮ ಯಾಕೋ ರಬ್ಬರ್ ಥರ ಎಳೀತಿದೆ ಅಲ್ವಾ?"

ಅವಳು ಹೇಳಿದ್ದು ನಿಜ. ಆ ಮಾತು ತಲೆಯಲ್ಲೇ ಉಳಿದುಬಿಟ್ಟಿತು. ಆಮೇಲೆ ಹಲವು ತಿಂಗಳು, ಬಿಡುವಾದಾಗೆಲ್ಲ ರೆಕ್ಕೆ ತಂದು ಒಂದೊಂದೇ ಬದಲಾವಣೆ ಮಾಡಿ ನೋಡಿದೆ. ಕೊನೆಗೆ ಗೊತ್ತಾದದ್ದು ಇಷ್ಟು. ಗರಿಗರಿಯಾಗಲು ಚರ್ಮ ಒಣಗಿರಬೇಕು. ಗ್ಲೇಜ್, ಅಂದರೆ ಮೇಲೆ ಹಿಡಿಸುವ ಆ ಜೇನು-ಸೋಯಾ ಪಾಕ, ಒದ್ದೆ, ಅಂಟು, ಸಕ್ಕರೆ. ಎರಡನ್ನೂ ಒಟ್ಟಿಗೆ ಬೇಯಿಸಲು ಹೋದರೆ ಎರಡೂ ಕೆಡುತ್ತವೆ. ಚರ್ಮದ ಕೆಲಸ ಪೂರ್ತಿ ಮುಗಿದ ಮೇಲೇ ಗ್ಲೇಜ್ ಬರಬೇಕು.

ಯೋಚಿಸಿದರೆ ಇದು ಹಳೆಯ ಕ್ರಮವೇ. ಅಮೆರಿಕದ ಬಫಲೋ ನಗರದ ಆಂಕರ್ ಬಾರ್‌ನಲ್ಲಿ 1964ರಲ್ಲಿ ಟೆರೆಸಾ ಬೆಲಿಸಿಮೋ ಅವರು ಶುರುಮಾಡಿದರು ಎನ್ನಲಾಗುವ ಬಫಲೋ ವಿಂಗ್ಸ್ ಮಾಡುವುದೂ ಹೀಗೇ. ಮೊದಲು ರೆಕ್ಕೆಯನ್ನು ಹಾಗೇ ಎಣ್ಣೆಯಲ್ಲಿ ಕರಿಯುತ್ತಾರೆ. ಆಮೇಲೆ ಬೆಣ್ಣೆ ಮತ್ತು ಖಾರದ ಸಾಸ್‌ನಲ್ಲಿ ಹೊರಳಿಸುತ್ತಾರೆ. ಸಾಸ್ ಎಣ್ಣೆಗೆ ಹೋಗುವುದೇ ಇಲ್ಲ. ನಾನು ಅದನ್ನೇ ಏರ್ ಫ್ರೈಯರ್‌ಗೆ ಹೊಂದಿಸಿಕೊಂಡೆ.

ರೆಕ್ಕೆ ತರುವಾಗ ಚರ್ಮ ಇರುವುದನ್ನೇ ಕೇಳಿ ತನ್ನಿ. ಚರ್ಮ ತೆಗೆದ ರೆಕ್ಕೆಯಲ್ಲಿ ಈ ಅಡುಗೆ ಆಗುವುದಿಲ್ಲ. ಒಂದು ಕೆ.ಜಿ.ಗೆ ಸುಮಾರು 10ರಿಂದ 12 ಇಡೀ ರೆಕ್ಕೆ ಬರುತ್ತವೆ. ಪ್ರತಿ ರೆಕ್ಕೆಯಲ್ಲೂ ಮೂರು ಭಾಗ: ಚಿಕ್ಕ ಕಾಲಿನಂತೆ ಕಾಣುವ ದಪ್ಪ ತುಂಡು, ಎರಡು ಮೂಳೆ ಇರುವ ಚಪ್ಪಟೆ ತುಂಡು, ಆಮೇಲೆ ಮಾಂಸವೇ ಇಲ್ಲದ ಚೂಪು ತುದಿ. ಬೆರಳಿನಿಂದ ಕೀಲನ್ನು ಮುಟ್ಟಿ ನೋಡಿ, ಎರಡು ಮೂಳೆ ಸೇರುವ ಕಡೆ ಸಣ್ಣ ತಗ್ಗು ಸಿಗುತ್ತದೆ. ಚಾಕು ಅಲ್ಲೇ ಇಟ್ಟು ಒತ್ತಿದರೆ ಸಲೀಸಾಗಿ ಇಳಿಯುತ್ತದೆ. ಚಾಕು ತಡೆದರೆ ಮೂಳೆಯ ಮೇಲಿದೆ ಅಂತ ಅರ್ಥ, ಒಂದು ಚೂರು ಆಚೀಚೆ ಸರಿಸಿ. ತುದಿಗಳನ್ನು ಬಿಸಾಡಬೇಡಿ. ಫ್ರೀಜರ್‌ನಲ್ಲಿ ಕೂಡಿಸಿಟ್ಟರೆ ಒಳ್ಳೆಯ ಸೂಪ್ ಆಗುತ್ತದೆ.

ತೊಳೆಯುವ ವಿಚಾರ ಸ್ವಲ್ಪ ಹೇಳಲೇಬೇಕು. ಹಸಿ ಕೋಳಿಯನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುವುದು ನನಗೂ ಅಭ್ಯಾಸವಾಗಿತ್ತು. ಬಿಟ್ಟಿದ್ದೇನೆ. ನೀರು ಸಿಡಿದು ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ಸೂಕ್ಷ್ಮಜೀವಿಗಳು ಸಿಂಕ್, ಪಕ್ಕದ ಪಾತ್ರೆ, ತರಕಾರಿ ಎಲ್ಲದಕ್ಕೂ ಹರಡುತ್ತವೆ. ಅವು ಸಾಯುವುದು ಬಿಸಿಗೆ, ನೀರಿಗಲ್ಲ. ಅದೂ ಅಲ್ಲದೆ ನಮಗೆ ಬೇಕಿರುವುದು ಒಣಗಿದ ಚರ್ಮ. ಹಾಗಾಗಿ ತುಂಡುಗಳನ್ನು ದಪ್ಪ ಟಿಶ್ಯೂ ಪೇಪರ್‌ನಲ್ಲಿ ಒತ್ತಿ ಒತ್ತಿ ಒರೆಸುತ್ತೇನೆ. ಚಪ್ಪಟೆ ತುಂಡಿನ ಮಡಿಕೆಯಲ್ಲಿ ನೀರು ಅಡಗಿರುತ್ತದೆ, ಅಲ್ಲೂ ಒತ್ತಬೇಕು. ಪೇಪರ್ ಎರಡು ಮೂರು ಸಲ ಬದಲಾಯಿಸಬೇಕಾಗುತ್ತದೆ. ಕೊನೆಯ ಪೇಪರ್ ಹೆಚ್ಚುಕಡಿಮೆ ಒಣಗೇ ಉಳಿದರೆ ಸಾಕು.

ಇಷ್ಟೊಂದು ಒಣಗಿಸುವುದು ಯಾಕೆ ಅಂದರೆ, ನೀರು ಇರುವವರೆಗೂ ಚರ್ಮದ ಬಿಸಿ 100 ಡಿಗ್ರಿಯ ಆಸುಪಾಸಲ್ಲೇ ನಿಂತಿರುತ್ತದೆ. ಬಂದ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಚರ್ಮ ಕೆಂಪಗಾಗಿ ಆ ಹುರಿದ ವಾಸನೆ ಚೆನ್ನಾಗಿ ಬರುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ನನ್ನ ಮೊದಲ ರೆಕ್ಕೆಗಳ ಅಡಿಭಾಗ ಬೆಳ್ಳಗೆ ಉಳಿದದ್ದು ಇದಕ್ಕೇ. ಮೇಲೆ ಸಕ್ಕರೆ ಸೀಯುತ್ತಿದ್ದರೆ ಕೆಳಗೆ ಚರ್ಮ ಆವಿಯಲ್ಲಿ ಬೇಯುತ್ತಿತ್ತು.

ಒರೆಸಿದ ಮೇಲೆ ಒಂದು ಕೆ.ಜಿ. ರೆಕ್ಕೆಗೆ ಒಂದು ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಕಾಳುಮೆಣಸಿನ ಪುಡಿ, ಒಂದು ದೊಡ್ಡ ಚಮಚ ಬೇಕಿಂಗ್ ಪೌಡರ್. ಉಪ್ಪು ಜಾಸ್ತಿ ಬೇಡ, ಮುಂದೆ ಸೋಯಾ ಸಾಸ್‌ನಲ್ಲಿ ಬೇಕಾದಷ್ಟು ಬರುತ್ತದೆ. ಬೇಕಿಂಗ್ ಪೌಡರ್ ಕೇಳಿ ಕೆಲವರು ಹಿಂಜರಿಯುತ್ತಾರೆ. ಅದು ಚರ್ಮವನ್ನು ಸ್ವಲ್ಪ ಕ್ಷಾರೀಯ ಮಾಡುತ್ತದೆ, ಆಗ ಬೇಗ ಕೆಂಪಗಾಗುತ್ತದೆ. ಜೊತೆಗೆ ಸಣ್ಣ ಸಣ್ಣ ಗುಳ್ಳೆ ಎದ್ದು ಚರ್ಮ ಒರಟಾಗುತ್ತದೆ. ಆ ಒರಟಿನಲ್ಲೇ ಗ್ಲೇಜ್ ಚೆನ್ನಾಗಿ ಹಿಡಿಯುವುದು. ಅಲ್ಯೂಮಿನಿಯಂ ಇಲ್ಲದ ಬೇಕಿಂಗ್ ಪೌಡರ್ ಸಿಕ್ಕರೆ ಒಳ್ಳೆಯದು, ಬಾಯಿಗೆ ಲೋಹದ ಒಗರು ಬರುವುದಿಲ್ಲ. ಅದರ ಬದಲು ಅಡುಗೆ ಸೋಡಾ ಮಾತ್ರ ಹಾಕಬೇಡಿ. ಒಮ್ಮೆ ಡಬ್ಬಿ ಅದಲುಬದಲಾಗಿ ಸೋಡಾ ಹಾಕಿಬಿಟ್ಟೆ. ಬಣ್ಣ ಅದ್ಭುತವಾಗಿ ಬಂತು, ಬಾಯಿಗಿಟ್ಟರೆ ಸೋಪು ತಿಂದಹಾಗಿತ್ತು. ಇಡೀ ಕೆ.ಜಿ. ಹಾಳಾಯಿತು.

ಇದನ್ನು ಕೈಯಿಂದ ತಿಕ್ಕಿ ಎಲ್ಲ ಕಡೆ ತೆಳ್ಳಗೆ ಹಿಡಿಯುವಂತೆ ಮಾಡಿ, ಒಂದು ಜಾಲರಿ ಸ್ಟ್ಯಾಂಡ್ ಮೇಲೆ ಒಂದಕ್ಕೊಂದು ತಾಗದಂತೆ ಹರಡುತ್ತೇನೆ. ಅಡಿಗೆ ಒಂದು ತಟ್ಟೆ. ಮೇಲೆ ಏನೂ ಮುಚ್ಚದೆ ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿ ರಾತ್ರಿಯಿಡೀ ಬಿಡುತ್ತೇನೆ. ಕೆಳಗೇ ಯಾಕೆಂದರೆ ಹನಿ ಬಿದ್ದರೂ ಬೇರೆ ಊಟದ ಮೇಲೆ ಬೀಳಬಾರದು. ಬೆಳಿಗ್ಗೆ ಮುಟ್ಟಿ ನೋಡಿದರೆ ಚರ್ಮ ಬಿಗಿಯಾಗಿ ಎಳೆದುಕೊಂಡು, ಕಾಗದದಂತೆ ಒಣಗಿ, ಒಳಗಿನ ಮಾಂಸದ ಬಣ್ಣ ತೆಳ್ಳಗೆ ಕಾಣುತ್ತಿರುತ್ತದೆ. ಆ ಚರ್ಮ ಕೈಗೆ ಸಿಕ್ಕರೆ ನನಗೆ ಅರ್ಧ ಗೆದ್ದಂತೆ. ರಾತ್ರಿಯಿಡೀ ಸಮಯ ಇಲ್ಲದಿದ್ದರೆ ಎರಡು ಮೂರು ಗಂಟೆಯಾದರೂ ಇಡಿ, ವ್ಯತ್ಯಾಸ ಕಾಣುತ್ತದೆ.

ಏರ್ ಫ್ರೈಯರ್ ಅಂದರೆ ನಿಜಕ್ಕೂ ಕರಿಯುವ ಯಂತ್ರ ಅಲ್ಲ. ಮೇಲೆ ಕಾಯಿಸುವ ಕಾಯಿಲ್, ಅದರ ಹತ್ತಿರ ಫ್ಯಾನ್. ಬಿಸಿ ಗಾಳಿಯನ್ನು ಜೋರಾಗಿ ಸುತ್ತಿಸುವ ಪುಟ್ಟ ಓವನ್ ಅದು. ಗಾಳಿ ಓಡಾಡಿದರೆ ಮಾತ್ರ ಕೆಲಸ. ಬುಟ್ಟಿ ತುಂಬಿಸಿದರೆ ಗಾಳಿಗೆ ದಾರಿ ಇಲ್ಲ, ರೆಕ್ಕೆ ತನ್ನ ಆವಿಯಲ್ಲೇ ಬೇಯುತ್ತದೆ. ನನ್ನದು ನಾಲ್ಕು ಲೀಟರ್ ಚಿಲ್ಲರೆಯ ಬುಟ್ಟಿ, ಒಂದು ಪದರಕ್ಕೆ 10–12 ತುಂಡು ಹಿಡಿಸುತ್ತದೆ. ಹಾಗಾಗಿ ಒಂದು ಕೆ.ಜಿ.ಗೆ ಎರಡು ಸರದಿ ಬೇಕೇ ಬೇಕು. ಒಂದೇ ಸಲ ಮುಗಿಸಿಬಿಡೋಣ ಅಂತ ಅನ್ನಿಸುತ್ತದೆ. ದಯವಿಟ್ಟು ಬೇಡ. ಬುಟ್ಟಿಗೆ ಕಾಗದ ಹಾಸುವುದನ್ನೂ ನಾನು ಬಿಟ್ಟೆ. ತೂತುಗಳು ಮುಚ್ಚಿಹೋಗುತ್ತವೆ. ಖಾಲಿ ಬುಟ್ಟಿಯಲ್ಲಿ ಕಾಗದ ಇಟ್ಟು ಕಾಯಿಸಿದರಂತೂ ಅದು ಹಾರಿ ಕಾಯಿಲ್‌ಗೆ ತಾಗಿ ಹೊತ್ತಿಕೊಳ್ಳುವ ಅಪಾಯ ಇದೆ.

ಮೂರು ನಿಮಿಷ ಖಾಲಿ ಕಾಯಿಸಿ, ಬುಟ್ಟಿಗೆ ಬ್ರಷ್‌ನಿಂದ ಸ್ವಲ್ಪ ಎಣ್ಣೆ ಸವರಿ, ತುಂಡುಗಳನ್ನು ಜೋಡಿಸುತ್ತೇನೆ. ರೆಕ್ಕೆಗೆ ಎಣ್ಣೆ ಬೇಡ, ಅದರ ಚರ್ಮದಲ್ಲೇ ಕೊಬ್ಬು ಇದೆ. ಮೊದಲು 180 ಡಿಗ್ರಿಯಲ್ಲಿ 18 ನಿಮಿಷ, ನಡುವೆ ಒಮ್ಮೆ ಇಕ್ಕಳದಿಂದ ತಿರುಗಿಸುವುದು. ಈ ಹೊತ್ತಿನಲ್ಲಿ ಚರ್ಮದಡಿಯ ಕೊಬ್ಬು ಕರಗಿ ಕೆಳಗಿಳಿಯುತ್ತದೆ. ಆಮೇಲೆ 200ಕ್ಕೆ ಏರಿಸಿ ಐದಾರು ನಿಮಿಷ. ಮೊದಲೇ 200 ಇಟ್ಟರೆ ಕೊಬ್ಬು ಇಳಿಯುವ ಮುಂಚೆ ಮೇಲೆ ಕೆಂಪಗಾಗಿ, ಒಳಗೆ ಜಿಡ್ಡು ಪದರ ಹಾಗೇ ಉಳಿಯುತ್ತದೆ. ಒಂದೊಂದು ಏರ್ ಫ್ರೈಯರ್ ಒಂದೊಂದು ಥರ, ನಿಮ್ಮದರಲ್ಲಿ ಎರಡು ಮೂರು ನಿಮಿಷ ಹೆಚ್ಚುಕಡಿಮೆ ಆಗಬಹುದು.

ಇಳಿದ ಕೊಬ್ಬು 200 ಡಿಗ್ರಿಯಲ್ಲಿ ಹೊಗೆ ಎಬ್ಬಿಸುತ್ತದೆ. ಅದಕ್ಕೆ ಬುಟ್ಟಿಯ ಕೆಳಗಿನ ತಟ್ಟೆಗೆ ಎರಡು ಮೂರು ದೊಡ್ಡ ಚಮಚ ನೀರು ಹಾಕಿಡುತ್ತೇನೆ. ಎರಡನೇ ಸರದಿಗೆ ಮೊದಲು ಆ ಕೊಬ್ಬನ್ನು ಚೆಲ್ಲಿ ಹೊಸ ನೀರು ಹಾಕುತ್ತೇನೆ.

ಬೆಂದಿದೆಯೋ ಇಲ್ಲವೋ ಅಂತ ಬಣ್ಣ ನೋಡಿ ಹೇಳಲಾಗುವುದಿಲ್ಲ. ಎಳೆ ಕೋಳಿಯ ಮೂಳೆಯ ಪಕ್ಕ ಪೂರ್ತಿ ಬೆಂದ ಮೇಲೂ ಗುಲಾಬಿ ಛಾಯೆ ಉಳಿಯಬಹುದು. ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಮೂಳೆಗೆ ತಾಗಿಸದೆ ದಪ್ಪ ಮಾಂಸಕ್ಕೆ ಚುಚ್ಚಬೇಕು. 74 ಡಿಗ್ರಿ ಬಂದರೆ ತಿನ್ನಲು ಸುರಕ್ಷಿತ. ಆದರೆ ನಾನು ಅಲ್ಲಿಗೆ ನಿಲ್ಲಿಸುವುದಿಲ್ಲ. ರೆಕ್ಕೆಯಲ್ಲಿ ನಾರು, ಕೀಲು, ಚರ್ಮ ಜಾಸ್ತಿ. 85–90 ಡಿಗ್ರಿಗೆ ಹೋದಾಗ ಅದೆಲ್ಲ ಕರಗಿ ಮೆತ್ತಗಾಗಿ ಮಾಂಸ ಮೂಳೆಯಿಂದ ಬಿಟ್ಟುಕೊಳ್ಳುತ್ತದೆ. ಎದೆ ಮಾಂಸವಾದರೆ ಇಷ್ಟು ಬಿಸಿಗೆ ಒಣಗಿಹೋಗುತ್ತಿತ್ತು, ರೆಕ್ಕೆ ಒಣಗುವುದಿಲ್ಲ. ಇನ್ನೊಂದು ಗುರುತು ಸದ್ದು. ಬುಟ್ಟಿ ಅಲ್ಲಾಡಿಸಿದಾಗ ಹದವಾದ ರೆಕ್ಕೆಗಳು ಒಣ ಕಡ್ಡಿಗಳಂತೆ ಸದ್ದು ಮಾಡುತ್ತವೆ. ಮೆತ್ತಗೆ ತಟಪಟ ಅಂದರೆ ಇನ್ನೆರಡು ನಿಮಿಷ ಬೇಕು.

ಎರಡನೇ ಸರದಿ ಬೇಯುತ್ತಿರುವಾಗಲೇ ಗ್ಲೇಜ್ ಮಾಡಿಕೊಳ್ಳುತ್ತೇನೆ. ಚಿಕ್ಕ ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಬೆಣ್ಣೆ ಕರಗಿಸಿ, ಸಣ್ಣಗೆ ಹೆಚ್ಚಿದ ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಇಂಚು ಶುಂಠಿ ಹಾಕಿ ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವವರೆಗೆ ಬಾಡಿಸುತ್ತೇನೆ. ಬೆಳ್ಳುಳ್ಳಿ ಕೆಂಪಗಾಗಬಾರದು, ಕಹಿಯಾಗುತ್ತದೆ. ನಂತರ ಮೂರು ದೊಡ್ಡ ಚಮಚ ಸೋಯಾ ಸಾಸ್, ನಾಲ್ಕು ದೊಡ್ಡ ಚಮಚ ಜೇನುತುಪ್ಪ, ಒಂದು ದೊಡ್ಡ ಚಮಚ ವಿನೆಗರ್, ಒಂದು ಟೀ ಚಮಚ ಚಿಲ್ಲಿ ಫ್ಲೇಕ್ಸ್. ವಿನೆಗರ್ ಬಿಡಬೇಡಿ. ಹುಳಿ ಇಲ್ಲದಿದ್ದರೆ ಮೂರನೇ ರೆಕ್ಕೆಗೇ ಸಿಹಿ ಮುಖಕ್ಕೆ ಹೊಡೆಯುತ್ತದೆ. ಇದು ಕುದಿಯಲು ಶುರುವಾದಾಗ ನೊರೆ ದೊಡ್ಡದಾಗಿ, ಸಡಿಲವಾಗಿ ಏಳುತ್ತದೆ. ಮೂರು ನಾಲ್ಕು ನಿಮಿಷದಲ್ಲಿ ಗುಳ್ಳೆಗಳು ಚಿಕ್ಕದಾಗಿ, ಒತ್ತೊತ್ತಾಗಿ, ಹೊಳೆಯತೊಡಗುತ್ತವೆ. ಚಮಚದ ಹಿಂಭಾಗಕ್ಕೆ ಹಿಡಿದ ಪಾಕದ ಮೇಲೆ ಬೆರಳೆಳೆದರೆ ಗೆರೆ ಹಾಗೇ ನಿಲ್ಲಬೇಕು. ಅಲ್ಲಿಗೆ ಒಲೆ ಆರಿಸಿ. ತಣ್ಣಗಾದಂತೆ ಇನ್ನೂ ಗಟ್ಟಿಯಾಗುತ್ತದೆ. ತೀರಾ ಗಟ್ಟಿಯಾದರೆ ಒಂದು ಚಮಚ ಬಿಸಿನೀರು ಬೆರೆಸಿದರಾಯಿತು. ಮೊದಮೊದಲು ನಾನು ಕಾರ್ನ್‌ಫ್ಲೋರ್ ಹಾಕಿ ಗಟ್ಟಿ ಮಾಡುತ್ತಿದ್ದೆ. ಬೇಗ ಆಗುತ್ತದೆ ನಿಜ, ಆದರೆ ಆ ಹೊಳಪು ಬರುವುದಿಲ್ಲ, ನಾಲಗೆಗೆ ಹಿಟ್ಟು ಹಿಟ್ಟು ಅನ್ನಿಸುತ್ತದೆ. ಈಗ ಸುಮ್ನೆ ಕುದಿಸಿಯೇ ಗಟ್ಟಿ ಮಾಡುತ್ತೇನೆ.

ಎರಡೂ ಸರದಿ ಮುಗಿದ ಮೇಲೆ ಎಲ್ಲ ತುಂಡುಗಳನ್ನೂ ಒಟ್ಟಿಗೆ ಬುಟ್ಟಿಗೆ ಹಾಕಿ 200 ಡಿಗ್ರಿಯಲ್ಲಿ ಮೂರು ನಿಮಿಷ. ಚರ್ಮ ಆಗಲೇ ಗರಿಗರಿ ಆಗಿರುವುದರಿಂದ ಈ ಒಂದು ಸಲ ಬುಟ್ಟಿ ತುಂಬಿದರೂ ತೊಂದರೆ ಇಲ್ಲ, ಬಿಸಿಯಾದರೆ ಸಾಕು. ಬಿಸಿ ಬಿಸಿ ತುಂಡುಗಳನ್ನು ಅಗಲದ ಬೋಗುಣಿಗೆ ಸುರಿದು, ಬೆಚ್ಚಗಿನ ಗ್ಲೇಜ್‌ನ ಮುಕ್ಕಾಲು ಭಾಗ ಹಾಕಿ, ಬೋಗುಣಿಯನ್ನೇ ಎತ್ತಿ ಕುಲುಕುತ್ತೇನೆ. ಚಮಚದಲ್ಲಿ ತಿರುವಿದರೆ ಚರ್ಮ ಕಿತ್ತುಬರುತ್ತದೆ. ಆಮೇಲೆ ಒಂದು ಪದರದಷ್ಟನ್ನು ಮಾತ್ರ ಮತ್ತೆ ಬುಟ್ಟಿಗೆ ಹಾಕಿ 180ರಲ್ಲಿ ಎರಡು ನಿಮಿಷ, ಮುಗಿದ ಮೇಲೆ ಉಳಿದವು. ಗ್ಲೇಜ್ ಚರ್ಮಕ್ಕೆ ಹಿಡಿದುಕೊಂಡು ಹೊಳೆಯುತ್ತದೆ, ಬೆರಳಿಗೆ ಅಂಟುವುದು ಕಡಿಮೆಯಾಗುತ್ತದೆ.

ಆ ಎರಡು ನಿಮಿಷ ಅಲ್ಲಿಂದ ಕದಲಬೇಡಿ. ಜೇನಿನಲ್ಲಿ ಜಾಸ್ತಿ ಇರುವುದು ಫ್ರುಕ್ಟೋಸ್. ಮಾಮೂಲಿ ಸಕ್ಕರೆ ಬಣ್ಣ ತಿರುಗಲು ಸುಮಾರು 160 ಡಿಗ್ರಿ ಬೇಕಾದರೆ, ಫ್ರುಕ್ಟೋಸ್‌ಗೆ 110 ಡಿಗ್ರಿಯೇ ಸಾಕು. ಎರಡು ನಿಮಿಷಕ್ಕೆ ಕೆಂಬಣ್ಣ, ನಾಲ್ಕಕ್ಕೆ ಅಂಚು ಕಪ್ಪು. ಫೋನ್ ಬಂತು ಅಂತ ಪಕ್ಕದ ಕೋಣೆಗೆ ಹೋಗಿ ಬರುವಷ್ಟರಲ್ಲಿ ಒಂದು ಸರದಿ ಪೂರ್ತಿ ಕಳೆದುಕೊಂಡಿದ್ದೇನೆ.

ಹೊರತೆಗೆದ ಮೇಲೆ ಉಳಿಸಿಕೊಂಡ ಗ್ಲೇಜ್ ಬ್ರಷ್‌ನಿಂದ ಸವರಿ, ಮೇಲೆ ಹುರಿದ ಎಳ್ಳು ಉದುರಿಸುತ್ತೇನೆ. ಈ ರೀತಿ ಮಾಡಿ ಮೊದಲ ಸಲ ತಂಗಿಯ ತಟ್ಟೆಗೆ ಹಾಕಿದಾಗ ಅವಳು ಕಚ್ಚಿದ ಸದ್ದು ಮೇಜಿನ ಈಚೆ ಕೂತಿದ್ದ ನನಗೂ ಕೇಳಿಸಿತು. ಅವಳು ಏನೂ ಹೇಳಲಿಲ್ಲ, ಇನ್ನೆರಡು ತೆಗೆದುಕೊಂಡಳು. ನನಗೆ ಎಷ್ಟು ಖುಷಿಯಾಯಿತು ಅಂದರೆ ನಾನು ತಿನ್ನುವುದನ್ನೇ ಮರೆತು ನೋಡುತ್ತಾ ಕೂತೆ.

ಬುಟ್ಟಿ ತೊಳೆಯುವುದಕ್ಕೆ ಕಷ್ಟಪಡಬೇಕಾಗಿಲ್ಲ. ಊಟಕ್ಕೆ ಕೂರುವ ಮುಂಚೆ ಬಿಸಿನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೆನೆಯಲು ಬಿಡಿ. ಅಂಟಿದ ಸಕ್ಕರೆ ತಾನಾಗೇ ಕರಗುತ್ತದೆ. ಉಜ್ಜುವ ಸ್ಟೀಲ್ ನಾರು ಮಾತ್ರ ತಾಗಿಸಬೇಡಿ, ನಾನ್‌ಸ್ಟಿಕ್ ಲೇಪ ಹೋಗಿಬಿಡುತ್ತದೆ.

ಗ್ಲೇಜ್ ಹಾಕಿದ ರೆಕ್ಕೆ 15–20 ನಿಮಿಷದಲ್ಲಿ ಮೆತ್ತಗಾಗತೊಡಗುತ್ತದೆ. ಎಲ್ಲ ಖಾಲಿಯಾಗುವುದಿಲ್ಲ ಅನ್ನಿಸಿದರೆ ತಿನ್ನುವಷ್ಟಕ್ಕೆ ಮಾತ್ರ ಗ್ಲೇಜ್ ಹಾಕಿ. ಉಳಿದ ಒಣ ರೆಕ್ಕೆಗಳನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಗ್ಲೇಜ್ ಬೇರೆ ಬಾಟಲಿಯಲ್ಲಿರಲಿ. ಮರುದಿನ 190 ಡಿಗ್ರಿಯಲ್ಲಿ ಐದಾರು ನಿಮಿಷ ಬಿಸಿ ಮಾಡಿದರೆ ಚರ್ಮ ಮತ್ತೆ ಗರಿಗರಿ ಆಗುತ್ತದೆ. ಗ್ಲೇಜ್ ಬೆಚ್ಚಗೆ ಮಾಡಿ ಆಗ ಹೊರಳಿಸಿಕೊಳ್ಳಿ.